ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ನಮ್ಮ ಕಾರು

ಕರಾವಳಿ ಪ್ರವಾಸೋದ್ಯಮದ ಬಗ್ಗೆ ಭಾಷಣ ಮಾಡುವುದು ಬಹಳ ಸುಲಭ. ನಮ್ಮಲ್ಲಿ 320 ಕಿ.ಮೀ. ಕಡಲತೀರ ಇದೆ ಎಂದು ಶುರು ಮಾಡಬೇಕು. ಗೋವಾ, ಕೇರಳದ ಹೆಸರು ತೆಗೆದು ಸಣ್ಣಗೆ ನಿಟ್ಟುಸಿರು ಬಿಡಬೇಕು. "ಅಪಾರ ಅವಕಾಶ ಇದೆ" ಎಂದು ಮುಗಿಸಿ ಊಟಕ್ಕೆ ಏಳಬೇಕು. ಊಟಕ್ಕೆ ಅಂಜಲ್ ಮೀನಿನ ಫ್ರೈ ಇರುತ್ತದೆ. ಸರಕಾರ ಬದಲಾಗುತ್ತದೆ, ಸಚಿವರು ಬದಲಾಗುತ್ತಾರೆ, ಅಂಜಲ್ ಮಾತ್ರ ಪಕ್ಷಾತೀತ.

ಅವಕಾಶ ಇರುವುದು ನಿಜ ಅನ್ನಿ. ತಲಪಾಡಿಯಲ್ಲಿ ಕೇರಳ ಬಿಟ್ಟು ಮಾಜಾಳಿಯಲ್ಲಿ ಗೋವಾ ಮುಟ್ಟುವವರೆಗೆ ಹೆದ್ದಾರಿ 66 ಇದೆ. ಮೊದಲು ಅದರ ನಂಬರು ಹದಿನೇಳು, ಹಳಬರ ಬಾಯಲ್ಲಿ ಇನ್ನೂ ಹದಿನೇಳೇ. ಒಂದಾದ ಮೇಲೊಂದು ಹೊಳೆ, ತೆಂಗಿನ ತೋಟ, ಗುಡ್ಡ, ಮಧ್ಯೆ ಮಧ್ಯೆ ಕಡಲು. ಜೊತೆಗೆ ಟೋಲ್‌ಗೇಟು: ತಲಪಾಡಿ, ಹೆಜಮಾಡಿ, ಸಾಸ್ತಾನ, ಶಿರೂರು, ಇನ್ನೂ ಮುಂದೆ. ಟೋಲ್ ಅಂದುಕೊಂಡರೆ ಹೊಟ್ಟೆ ಉರಿಯುತ್ತದೆ. ಪ್ರವೇಶ ಟಿಕೆಟ್ ಅಂದುಕೊಳ್ಳಿ, ಸರಿಹೋಗುತ್ತದೆ. ಸುರತ್ಕಲ್‌ನಲ್ಲೂ ಒಂದಿತ್ತು. ಜನ ಧರಣಿ ಕೂತು, ಜಗಳ ಮಾಡಿ, 2022ರ ಡಿಸೆಂಬರ್‌ನಲ್ಲಿ ಅದನ್ನು ನಿಲ್ಲಿಸಿಬಿಟ್ಟರು. ಒಂದು ಪ್ರೇಕ್ಷಣೀಯ ಸ್ಥಳ ಹೋಯಿತು.

ಟಿಕೆಟ್ ಕೊಟ್ಟ ಮೇಲೆ ಏನಾದರೂ ತೋರಿಸಬೇಕಲ್ಲ? ಮಂಗಳೂರಿನಲ್ಲಿ ಪಂಪ್‌ವೆಲ್ ಮೇಲ್ಸೇತುವೆ ಇದೆ. ವರ್ಷಗಟ್ಟಲೆ ಕಟ್ಟಿ, ಊರಿಡೀ ಅದರ ಮೇಲೆ ಜೋಕು ಕಟ್ಟಿ, 2020ರ ಜನವರಿಯಲ್ಲಿ ತೆರೆದರು. ಜೋರು ಮಳೆ ಬಂದರೆ ಅದರ ಅಡಿಯಲ್ಲಿ ನೀರು ನಿಲ್ಲುತ್ತದೆ. ಕಡಲು ನೋಡಲು ಉಳ್ಳಾಲಕ್ಕೆ ಹೋಗುವ ಖರ್ಚು ಉಳಿಯಿತು. ಮಲ್ಪೆಯಲ್ಲಿ 2022ರ ಮೇ ತಿಂಗಳಲ್ಲಿ ತೇಲುವ ಸೇತುವೆ ಮಾಡಿದರು. ಅಲೆಯ ಮೇಲೆ ನಡೆಯಬಹುದು ಎಂದರು. ನಾಲ್ಕು ದಿನ ಆಗುವುದರೊಳಗೆ ಅಲೆಗೆ ಸಿಕ್ಕಿ ಅದರ ತುದಿ ಕಿತ್ತುಹೋಯಿತು. ತೇಲುತ್ತದೆ ಎಂದಿದ್ದರು, ತೇಲಿತು. ಮಾತಿಗೆ ತಪ್ಪಿದವರು ಯಾರೂ ಇಲ್ಲ.

ಇಷ್ಟು ದಾಟಿ, ಕುಂದಾಪುರ ದಾಟಿದರೆ ಮರವಂತೆ. ಇಲ್ಲಿ ಯಾರೂ ಏನೂ ಕಟ್ಟಬೇಕಿರಲಿಲ್ಲ, ಎಲ್ಲಾ ಮೊದಲೇ ಇತ್ತು. ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ. ಕೊಲ್ಲೂರಿನಿಂದ ಇಳಿದು ಬಂದ ಹೊಳೆ ಸಮುದ್ರಕ್ಕೆ ಇಷ್ಟು ಹತ್ತಿರ ಬಂದರೂ ಇಲ್ಲಿ ಸೇರುವುದಿಲ್ಲ. ತೆಂಕಕ್ಕೆ ತಿರುಗಿ ಗಂಗೊಳ್ಳಿವರೆಗೆ ಹೋಗಿ ಅಲ್ಲಿ ಸೇರುತ್ತದೆ. ಇದಕ್ಕೆ ಊರಲ್ಲಿ ಪುರಾಣದ ಕಾರಣ ಹೇಳುತ್ತಾರೆ. ನನಗೇನೋ ಇದು ಹೆದ್ದಾರಿಯವರ ಕೆಲಸ ಅನಿಸುತ್ತದೆ. ಎದುರುಬದಿಯ ಅಂಗಡಿಗೆ ಹೋಗಲು ನಾವೂ ಡಿವೈಡರ್ ಬಾಯಿ ಹುಡುಕಿಕೊಂಡು ಮುಂದಿನ ಊರಿಗೆ ಹೋಗಿ ಬರುವುದಿಲ್ಲವಾ?

ಮರವಂತೆಗೆ ಬಂದ ಕಾರು ಹೇಗೆ ನಿಲ್ಲುತ್ತದೆ ನೋಡಬೇಕು. ಇಂಡಿಕೇಟರ್ ಇಲ್ಲ, ಏನೂ ಇಲ್ಲ, ಸೀದಾ ಬ್ರೇಕ್. ಹಿಂದಿದ್ದ ಮೀನಿನ ಲಾರಿ ಉಸಿರು ಬಿಗಿ ಹಿಡಿದು ಬದಿಗೆ ಹೊರಳಿಕೊಳ್ಳುತ್ತದೆ. ನಾಲ್ಕೂ ಬಾಗಿಲು ಒಟ್ಟಿಗೆ ತೆರೆಯುತ್ತವೆ. ಒಬ್ಬ ಡ್ರೋನ್ ಬಿಡುತ್ತಾನೆ. ಇನ್ನೊಬ್ಬ ಬಿಳಿ ಪಟ್ಟೆಯ ಮೇಲೆ ಅಂಗಾತ ಮಲಗುತ್ತಾನೆ. ಮೂರನೆಯವಳು ಕಡಲ್ಕೊರೆತಕ್ಕೆ ಹಾಕಿದ ಕಲ್ಲಿನ ರಾಶಿ ಹತ್ತಿ, ಕಡಲಿಗೆ ಬೆನ್ನು ಹಾಕಿ, ಎರಡೂ ಕೈ ಚಾಚುತ್ತಾಳೆ. ನಾಲ್ಕನೆಯವರು ಅವರಮ್ಮ. ಅವರು ಒಬ್ಬರೇ ಸಮುದ್ರ ನೋಡುತ್ತಾರೆ, ಅದೂ ಮಗಳು ಬಿದ್ದಾಳೆಂಬ ಭಯಕ್ಕೆ.

ಎಳನೀರಿನ ಬೊಂಡ ಕೆತ್ತುವವನು ಕತ್ತಿ ಕೆಳಗಿಡದೆ ಕೂಗುತ್ತಾನೆ: "ಹ್ವಾಯ್, ಕಾರ್ ಬದಿಗೆ ಹಾಕಿ ಮಾರಾಯ್ರೆ! ಸಮುದ್ರ ಎಲ್ಲಿಗೂ ಓಡಿ ಹೋಗೂದಿಲ್ಲ. ಮಳೆಗಾಲದಗೆ ಅದೇ ರಸ್ತೆಗೆ ಬತ್ತ್."

ಅವನು ಹೇಳಿದ್ದು ಜೋಕಲ್ಲ. ಮಳೆಗಾಲದಲ್ಲಿ ಕಡಲು ತೀರ ತಿನ್ನುತ್ತದೆ, ನಾವು ಕಲ್ಲು ಸುರಿಯುತ್ತೇವೆ. ಮತ್ತೆ ತಿನ್ನುತ್ತದೆ, ಮತ್ತೆ ಸುರಿಯುತ್ತೇವೆ. ಆ ಕಲ್ಲಿನ ಮೇಲೆ ನಿಂತು ತೆಗೆದ ಫೋಟೋಕ್ಕೆ "ಪ್ರಕೃತಿಯ ಮಡಿಲಲ್ಲಿ" ಎಂದು ಹೆಸರಿಡುತ್ತಾರೆ. ಫೋಟೋದಲ್ಲಿ ಕಲ್ಲು ಬಾರದಂತೆ ಕತ್ತರಿಸಿರುತ್ತಾರೆ, ಅದು ಬೇರೆ ಮಾತು.

ಬಡಗಕ್ಕೆ ಹೋದಷ್ಟೂ ಸಾಹಸ ಪ್ರವಾಸ ಜಾಸ್ತಿ. ಈ ಹೆದ್ದಾರಿಯಲ್ಲಿ ಶಿರೂರು ಎರಡಿವೆ. ಬೈಂದೂರಿನ ಶಿರೂರಿನಲ್ಲಿ ದುಡ್ಡು ಕಟ್ಟಿಸಿಕೊಳ್ಳುತ್ತಾರೆ. ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡವೇ ರಸ್ತೆಗೆ ಇಳಿಯಿತು. ಚಹಾದಂಗಡಿ, ಅದರಲ್ಲಿದ್ದವರು, ನಿಂತಿದ್ದ ಲಾರಿ ಎಲ್ಲವೂ ಗಂಗಾವಳಿ ಹೊಳೆಯ ಪಾಲಾದವು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ನಗು ಬರುವುದು ಆಮೇಲೆ, ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದವರು ಮಳೆ ಜಾಸ್ತಿಯಾಯಿತು ಎಂದಾಗ. ಜುಲೈನಲ್ಲಿ, ಉತ್ತರ ಕನ್ನಡದಲ್ಲಿ, ಮಳೆ! ಮೂರು ವಾರ ಕಳೆದು ಆಗಸ್ಟ್ 7ರ ನಡುರಾತ್ರಿ ಕಾರವಾರದ ಹಳೇ ಕಾಳಿ ಸೇತುವೆ ಒಂದು ಲಾರಿಯನ್ನೂ ಕರೆದುಕೊಂಡು ಹೊಳೆಗೆ ಬಿತ್ತು. ಚಾಲಕ ಬದುಕಿದ್ದು ಪುಣ್ಯ.

ಇಷ್ಟೆಲ್ಲ ಇದ್ದರೂ ನಮ್ಮವರ ಚಿಂತೆ ಒಂದೇ: ನಾವಿನ್ನೂ ಗೋವಾ ಆಗಿಲ್ಲ. ಗೋವಾದ ಗಲಾಟೆ ಸಾಕು ಅಂತ ಜನ ಗೋಕರ್ಣಕ್ಕೆ ಬರುತ್ತಾರೆ. ಬಂದವರಿಗೆ ಬೇಸರ ಆಗಬಾರದು ಅಂತ ನಾವು ಗೋಕರ್ಣದಲ್ಲೇ ಗೋವಾದ ಏರ್ಪಾಡು ಮಾಡುತ್ತೇವೆ. ಹೊನ್ನಾವರದ ಕಾಸರಕೋಡು ಮತ್ತು ಪಡುಬಿದ್ರಿ ಬೀಚಿಗೆ 2020ರಲ್ಲಿ ಬ್ಲೂ ಫ್ಲಾಗ್, ಅಂದರೆ ಚೊಕ್ಕ ಬೀಚಿಗೆ ಕೊಡುವ ನೀಲಿ ಬಾವುಟ, ಸಿಕ್ಕಿತು. ಅಲ್ಲಿ ಚೊಕ್ಕ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಕಾಯುವ ಜನ ಎಲ್ಲಾ ಇವೆ. ಅಂದರೆ ನಮಗೆ ಮಾಡಲು ಬರುತ್ತದೆ, ವಿದೇಶದವರು ಬಂದು ನೋಡಿ ಬಾವುಟ ಕೊಡುತ್ತಾರೆ ಎಂದಾದರೆ. ಬಾವುಟ ಇಲ್ಲದ ಕಡೆ ಹೆಂಗಸರು ಶೌಚಾಲಯ ಎಲ್ಲಿ ಅಂತ ಕೇಳಿದರೆ ಎಲ್ಲರೂ ಒಂದೇ ದಿಕ್ಕಿಗೆ ಕೈ ತೋರಿಸುತ್ತಾರೆ: "ಮುಂದೆ ಪೆಟ್ರೋಲ್ ಬಂಕ್ ಇತ್ತ್ ಕಾಣಿ. ಆದ್ರೆ ಆಚೆ ಬದಿಗೆ. ಯೂ ಟರ್ನ್ ಹೊಡೀಕ್."