ಹಾಡು ಕಟ್ಟಿದವರ ಹೆಸರನ್ನೂ ತೋರಿಸಿ

‘ಯಾವ ಮೋಹನ ಮುರಳಿ ಕರೆಯಿತು’ ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಬರೆದವರು ಗೋಪಾಲಕೃಷ್ಣ ಅಡಿಗರು. ನಾನು ತಿಂಗಳು ತಿಂಗಳು ದುಡ್ಡು ಕಟ್ಟುವ ಮ್ಯೂಸಿಕ್ ಆ್ಯಪ್‌ನಲ್ಲಿ ಈ ಹಾಡು ಹಾಕಿದರೆ ಸಿನಿಮಾದ ಪೋಸ್ಟರ್ ಬರುತ್ತದೆ, ಸಿನಿಮಾದ ಹೆಸರು ಬರುತ್ತದೆ, ಗಾಯಕರ ಹೆಸರೂ ಬರುತ್ತದೆ. ಅಡಿಗರ ಹೆಸರು ಮಾತ್ರ ಕಾಣುವುದಿಲ್ಲ. ಪಕ್ಕದ ಮೂರು ಚುಕ್ಕಿ ಒತ್ತಿ, ಇನ್ನೊಂದು ಪುಟ ತೆರೆದು, ಕೆಳಗೆ ಸರಿಸಿ ನೋಡಿದರೂ ಇಲ್ಲ. ಕನ್ನಡದ ನವ್ಯಕಾವ್ಯದ ದೊಡ್ಡ ಕವಿಯ ಸಾಲುಗಳು ಲಕ್ಷಾಂತರ ಜನರ ಕಿವಿಗೆ ದಿನವೂ ಬೀಳುತ್ತಿವೆ, ಕವಿ ಯಾರೆಂದು ಹೇಳುವವರಿಲ್ಲ.

ಇದು ಒಂದು ಹಾಡಿನ ಕಥೆ ಆಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಭಾವಗೀತೆ, ಜನಪದ, ತತ್ವಪದ, ಹಳೆಯ ಸಿನಿಮಾ ಹಾಡು, ಯಾವುದನ್ನೇ ಹುಡುಕಿದರೂ ಇದೇ ಪಾಡು. ಎಷ್ಟೋ ಕಡೆ ಪರದೆಯ ಮೇಲೆ ನಟಿಸಿದವರನ್ನೇ ‘ಕಲಾವಿದರು’ ಎಂದು ಮುಂದೆ ನಿಲ್ಲಿಸಿರುತ್ತಾರೆ. ಶಿಶುನಾಳ ಶರೀಫರ ‘ಕೋಡಗನ ಕೋಳಿ ನುಂಗಿತ್ತ’ ಹಾಕಿದರೆ ಸಂಗೀತ ಅನ್ನುವ ಜಾಗದಲ್ಲಿ ‘ಸಾಂಪ್ರದಾಯಿಕ’ ಎಂಬ ಒಂದೇ ಪದ. ಆ ಪದಗಳಿಗೆ ನಾವೆಲ್ಲ ಈಗ ಗುನುಗುವ ಧಾಟಿ ಕೊಟ್ಟು ಮನೆಮನೆಗೆ ಮುಟ್ಟಿಸಿದ ಸಿ. ಅಶ್ವತ್ಥ್ ಅವರ ದುಡಿಮೆಯೆಲ್ಲ ಆ ಒಂದು ಪದದಡಿ ಮುಚ್ಚಿಹೋಗುತ್ತದೆ. ನನಗೆ ಇದು ಸಣ್ಣ ತಪ್ಪು ಅನ್ನಿಸುವುದಿಲ್ಲ.

ಹಾಡಿನಲ್ಲಿ ಹೆಸರು ಉಳಿಸುವುದು ಹೇಗೆಂದು ನಮ್ಮವರಿಗೆ ಬಹಳ ಹಿಂದೆಯೇ ಗೊತ್ತಿತ್ತು. ದಾಸರ ಪದಕ್ಕೆ ಅಂಕಿತ ಇರುತ್ತದೆ. ಕೊನೆಯ ನುಡಿಗೆ ಬಂದಾಗ ಪುರಂದರವಿಠಲ ಅಂದರೆ ಬರೆದವರು ಪುರಂದರದಾಸರು, ಕಾಗಿನೆಲೆಯಾದಿಕೇಶವ ಅಂದರೆ ಕನಕದಾಸರು. ಅದಕ್ಕೂ ಮುಂಚೆ ವಚನದಲ್ಲಿ ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ. ಶರೀಫರ ಪದದಲ್ಲಿ ಶಿಶುನಾಳಧೀಶ. ಅದು ದೇವರ ಹೆಸರೂ ಹೌದು, ಕವಿಯ ಗುರುತೂ ಹೌದು. ಅಕ್ಷರ ಬಾರದ ಭಜನೆ ಮಂಡಳಿಯವರೂ ಐನೂರು ವರ್ಷ ಹಾಡುತ್ತಾ ಬಂದು, ಕರ್ತೃವಿನ ಗುರುತನ್ನು ನಮ್ಮ ತನಕ ತಂದು ಮುಟ್ಟಿಸಿದ್ದಾರೆ, ಯಾಕೆಂದರೆ ಅಂಕಿತ ಬಿಟ್ಟರೆ ಪದ ಪೂರ್ತಿ ಆಗುವುದಿಲ್ಲ. ಆದರೆ ಪದ ಉಳಿದಷ್ಟು ಧಾಟಿ ಉಳಿಯಲಿಲ್ಲ. ದಾಸರು ಸ್ವತಃ ಯಾವ ಮಟ್ಟಿನಲ್ಲಿ ಹಾಡಿದರು ಎನ್ನುವುದು ಬಹುಪಾಲು ಪದಗಳ ವಿಷಯದಲ್ಲಿ ನಮಗೆ ತಿಳಿಯದು. ಗುರುತು ಹಾಕಿದ್ದು ಉಳಿಯಿತು, ಹಾಕದೇ ಇದ್ದದ್ದು ಹೋಯಿತು.

ಧ್ವನಿಮುದ್ರಣ ನಮ್ಮ ದೇಶಕ್ಕೆ ಬಂದ ಹೊಸತರಲ್ಲೂ ಒಬ್ಬ ಹೆಣ್ಣುಮಗಳು ಇದನ್ನೇ ಮಾಡಿದಳು. 1902ರಲ್ಲಿ ಗ್ರಾಮಫೋನ್ ಕಂಪನಿಯವರು ಕಲ್ಕತ್ತಾಕ್ಕೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡರು. ಆ ಕಾಲದ ರೆಕಾರ್ಡ್‌ಗಳು ಮೂರು ನಿಮಿಷದವು. ಹಾಡು ಮುಗಿಯುತ್ತಿದ್ದ ಹಾಗೆ ಆಕೆ ಗಟ್ಟಿಯಾಗಿ ‘ಮೈ ನೇಮ್ ಈಸ್ ಗೌಹರ್ ಜಾನ್’ ಅನ್ನುತ್ತಾರೆ. ಮೂಲ ಮುದ್ರಿಕೆ ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ಪ್ರತಿಗಳಾಗಬೇಕಿತ್ತು. ಅಲ್ಲಿನವರಿಗೆ ಭಾಷೆ ತಿಳಿಯದಿದ್ದರೂ ಹಾಡಿದ್ದು ಯಾರೆಂದು ಗೊತ್ತಾಗಲಿ, ಹೆಸರು ಅದಲುಬದಲಾಗದಿರಲಿ ಎಂದು ಈ ಏರ್ಪಾಡು. ನೂರಿಪ್ಪತ್ತು ವರ್ಷ ದಾಟಿದ ಆ ಕರಕರ ಸದ್ದಿನ ನಡುವೆ ಈಗಲೂ ಆ ಮಾತು ಸ್ಪಷ್ಟವಾಗಿ ಕೇಳುತ್ತದೆ. ಪ್ರತಿ ಸಲವೂ ನನಗೆ ಮೈ ಜುಂ ಅನ್ನುತ್ತದೆ. ಇದೇ ಗೌಹರ್ ಜಾನ್ ಕೊನೆಗಾಲದಲ್ಲಿ ನಮ್ಮ ಮೈಸೂರಿಗೆ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಅವರನ್ನು ಆಸ್ಥಾನಕ್ಕೆ ಸೇರಿಸಿಕೊಂಡರು. 1930ರ ಜನವರಿಯಲ್ಲಿ ಅವರು ತೀರಿಕೊಂಡದ್ದು ಮೈಸೂರಿನಲ್ಲೇ.

ಆಮೇಲೆ ನಮ್ಮಲ್ಲಿ ಪಿ. ಕಾಳಿಂಗರಾಯರು ಬಂದರು. ಪುಸ್ತಕದಲ್ಲಿದ್ದ ಕನ್ನಡ ಕವಿತೆಯನ್ನು ಎತ್ತಿ ಸಭೆಯಲ್ಲಿ, ರೆಕಾರ್ಡ್‌ನಲ್ಲಿ ಹಾಡಿ ಒಂದು ದಾರಿಯನ್ನೇ ಮಾಡಿಕೊಟ್ಟವರು ಅವರು. ಆ ದಾರಿಯಲ್ಲಿ ಮೈಸೂರು ಅನಂತಸ್ವಾಮಿ, ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ, ರತ್ನಮಾಲಾ ಪ್ರಕಾಶ್ ನಡೆದರು. ಇವರ ಕೈಗೆ ಸಿಕ್ಕ ಸಾಧನ ಕ್ಯಾಸೆಟ್. ಫಿಲಿಪ್ಸ್ ಕಂಪನಿ 1963ರಲ್ಲೇ ಅದನ್ನು ಹೊರತಂದಿದ್ದರೂ ನಮ್ಮ ಊರುಗಳ ಮನೆಗಳಿಗೆ ಅದು ಬಂದದ್ದು ತಡವಾಗಿ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಬಂತು. ಕನ್ನಡ ಭಾವಗೀತೆಯ ಕ್ಯಾಸೆಟ್ ಯುಗ ಶುರುವಾದದ್ದು ಅಲ್ಲಿಂದ. ಕವನ ಸಂಕಲನ ಕೊಂಡು ಓದುವ ಅಭ್ಯಾಸವೇ ಇಲ್ಲದ ಮನೆಗಳಿಗೂ ಜೋಗದ ಸಿರಿ ಬೆಳಕು ಹೋಯಿತು.

ನಮ್ಮ ಮನೆಯಲ್ಲಿ ಹೊಸ ಕ್ಯಾಸೆಟ್ ಬಂದರೆ ಟೇಪ್‌ಗೆ ಹಾಕುವ ಮೊದಲು ಒಳಗಿನ ಕಾರ್ಡ್ ಹೊರಗೆ ತೆಗೆಯುತ್ತಿದ್ದೆವು. ಕಾರ್ಡ್ ಎಂದರೆ ಮಡಚಿ ಮಡಚಿ ಡಬ್ಬಿಯೊಳಗೆ ಸೇರಿಸಿದ ಗಟ್ಟಿ ಕಾಗದ. ಮುಂದೆ ಚಿತ್ರ, ಬೆನ್ನಿಗೆ ಹೆಸರು, ಬಿಡಿಸಿದರೆ ಎ ಬದಿ ಬಿ ಬದಿಯ ಹಾಡುಗಳ ಪಟ್ಟಿ. ಪ್ರತಿ ಹಾಡಿನ ಮುಂದೆ ಕವಿಯ ಹೆಸರು: ಕುವೆಂಪು, ಬೇಂದ್ರೆ, ಕೆ.ಎಸ್.ನ., ಜಿ.ಎಸ್.ಎಸ್., ಎಚ್.ಎಸ್. ವೆಂಕಟೇಶಮೂರ್ತಿ, ಲಕ್ಷ್ಮೀನಾರಾಯಣ ಭಟ್ಟ. ಕೆಳಗೆ ರಾಗ ಸಂಯೋಜನೆ ಇಂಥವರು, ಗಾಯನ ಇಂಥವರು. ಅಕ್ಷರ ಎಷ್ಟು ಸಣ್ಣವು ಅಂದರೆ ಅಪ್ಪ ಕನ್ನಡಕ ಹಣೆಗೆ ಏರಿಸಿ ಕಿಟಕಿಯ ಹತ್ತಿರ ಹೋಗಿ ಓದುತ್ತಿದ್ದರು. ಓದಿ, ನಮಗೆ ಕೇಳಿಸುವ ಹಾಗೆ ‘ಇದು ಬೇಂದ್ರೆಯವರದು’ ಎಂದು ಹೇಳಿಯೇ ಬಟನ್ ಒತ್ತುತ್ತಿದ್ದರು. ನನ್ನ ಕಾಲದ ಎಷ್ಟೋ ಜನರಿಗೆ ಕವಿಗಳ ಹೆಸರು ಪರಿಚಯವಾದದ್ದು ಶಾಲೆಯ ಪಠ್ಯಕ್ಕಿಂತ ಹೆಚ್ಚಾಗಿ ಈ ಕಾರ್ಡ್‌ಗಳಿಂದ. ಆಕಾಶವಾಣಿಯೂ ಹಾಗೆಯೇ. ಹಾಡಿನ ಮುಂಚೆ ಚಿತ್ರ, ಸಾಹಿತ್ಯ, ಸಂಗೀತ, ಹಾಡಿದವರು ಎಂದು ಉದ್ಘೋಷಕರು ಹೇಳುತ್ತಿದ್ದರು. ಕೇಳಿ ಕೇಳಿಯೇ ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ವಿಜಯಭಾಸ್ಕರ್ ನಮ್ಮ ಮನೆಯವರಂತೆ ಆದರು.

ಇಲ್ಲೊಂದು ಸಂಗತಿ ಗಮನಿಸಬೇಕು. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ಅದಕ್ಕೆ 1984ರಲ್ಲಿ ಸೇರಿಸಿದ 52ಎ ಕಲಮು ಕ್ಯಾಸೆಟ್ ಮೇಲೆ ಏನೇನು ನಮೂದಿಸಲೇಬೇಕು ಎಂದು ಹೇಳುತ್ತದೆ: ಧ್ವನಿಮುದ್ರಣ ಮಾಡಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ. ಅಷ್ಟೇ. ಕವಿಯ ಹೆಸರು ಹಾಕಿ ಎಂದು ಆ ಪಟ್ಟಿಯಲ್ಲಿ ಇಲ್ಲ, ರಾಗ ಹಾಕಿದವರ ಹೆಸರೂ ಇಲ್ಲ. ಅಂದರೆ ನಮ್ಮ ಭಾವಗೀತೆ ಕ್ಯಾಸೆಟ್‌ಗಳ ಮೇಲೆ ಕವಿಯ ಹೆಸರು ಅಷ್ಟು ನಿಷ್ಠೆಯಿಂದ ಬರುತ್ತಿದ್ದುದು ಈ ಕಲಮಿನ ಒತ್ತಾಯಕ್ಕಲ್ಲ. ಹಾಡಿದವರಿಗೆ ಕವಿಯ ಮೇಲೆ ಗೌರವ ಇತ್ತು, ಕೇಳುವವರು ಅದನ್ನು ಬಯಸುತ್ತಿದ್ದರು, ಹಾಗಾಗಿ ಕಂಪನಿಯವರೂ ಹಾಕುತ್ತಿದ್ದರು. ಕೃತಿ ತನ್ನದು ಎಂದು ಹೇಳಿಕೊಳ್ಳುವ ಹಕ್ಕನ್ನು ಅದೇ ಕಾಯ್ದೆಯ 57ನೇ ಕಲಮು ಲೇಖಕರಿಗೆ ಕೊಟ್ಟಿದೆ ನಿಜ. ಆದರೆ ಆ ಹಕ್ಕು ಹಿಡಿದುಕೊಂಡು ಒಂದೊಂದು ಆ್ಯಪ್‌ನ ಹಿಂದೆ ಓಡಾಡುವ ಕವಿ ಎಲ್ಲಿದ್ದಾರೆ?

ಹೆಸರಿನ ಹಿಂದೆ ಹೊಟ್ಟೆಪಾಡೂ ಇದೆ. ದಶಕಗಳ ಕಾಲ ಹಾಡು ಬರೆದವರಿಗೆ ಒಂದು ಸಲ ಒಂದಿಷ್ಟು ದುಡ್ಡು ಕೊಟ್ಟು ಎಲ್ಲ ಹಕ್ಕನ್ನೂ ಬರೆಸಿಕೊಳ್ಳುವುದು ರೂಢಿಯಾಗಿತ್ತು. ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿದ್ದಾಗ ಇದಕ್ಕಾಗಿ ಹೋರಾಡಿದರು. 2012ರ ತಿದ್ದುಪಡಿಯಿಂದ ಸಾಹಿತ್ಯ ಬರೆದವರಿಗೆ ಮತ್ತು ಸಂಗೀತ ಕೊಟ್ಟವರಿಗೆ ರಾಯಲ್ಟಿಯಲ್ಲಿ ಸಮಪಾಲು ಸಿಗಬೇಕು, ಆ ಪಾಲನ್ನು ಕಂಪನಿಗೆ ಬಿಟ್ಟುಕೊಡುವ ಹಾಗೂ ಇಲ್ಲ ಎಂದಾಯಿತು. ಕವಿ ತೀರಿಕೊಂಡ ಮೇಲೂ ಅರವತ್ತು ವರ್ಷ ಕೃತಿಸ್ವಾಮ್ಯ ಇರುತ್ತದೆ. ಬೇಂದ್ರೆಯವರು ಹೋದದ್ದು 1981ರಲ್ಲಿ, ಹಾಗಾಗಿ ಅವರ ಕವಿತೆಗಳ ಹಕ್ಕು 2041ರವರೆಗೆ. ಅಡಿಗರದ್ದು 2052ರವರೆಗೆ. ಹಾಡು ಓಡಿದಾಗಲೆಲ್ಲ ಈ ಮನೆಗಳಿಗೆ ಸೇರಬೇಕಾದ ಒಂದು ಲೆಕ್ಕ ಇದೆ. ಹಾಡಿನ ದಾಖಲೆಯಲ್ಲಿ ಬರೆದವರ ಹೆಸರೇ ಇಲ್ಲ ಅಂದರೆ ಆ ಲೆಕ್ಕ ಅವರ ಮನೆ ಬಾಗಿಲಿಗೆ ಹೇಗೆ ಬರಬೇಕು?

‘ಕೇಳುವವರಿಗೆ ಹಾಡು ಮುಖ್ಯ, ಹೆಸರು ಯಾರಿಗೆ ಬೇಕು’ ಅನ್ನುವವರು ಇದ್ದಾರೆ. ಅವರಿಗೆ ನಾಡಗೀತೆಯನ್ನು ತೋರಿಸುತ್ತೇನೆ. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ 2004ರಲ್ಲಿ ನಾಡಗೀತೆಯಾಯಿತು. ಯಾವ ಧಾಟಿಯಲ್ಲಿ ಹಾಡಬೇಕು ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಎಂದು ಆದೇಶ ಹೊರಡಿಸಿತು. ಅಶ್ವತ್ಥ್ ಅವರ ಧಾಟಿಯ ಪರ ಇದ್ದವರು ಒಪ್ಪಲಿಲ್ಲ, ವಿಷಯ ಹೈಕೋರ್ಟ್‌ಗೂ ಹೋಯಿತು. ಯಾರ ಧಾಟಿ ಹೆಚ್ಚು ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ, ಎರಡೂ ನನಗೆ ಪ್ರಾಣ. ಆದರೆ ಒಂದೇ ಕವಿತೆಗೆ ಇಬ್ಬರು ಕೊಟ್ಟ ರಾಗ ಎರಡು ಬೇರೆ ಬೇರೆ ಸೃಷ್ಟಿ ಎಂದು ಒಂದು ನಾಡೇ ತಲೆಕೆಡಿಸಿಕೊಂಡಿತಲ್ಲ, ಅದು ಮುಖ್ಯ. ಹಾಗಿರುವಾಗ ಆ್ಯಪ್‌ನಲ್ಲಿ ಒಂದೇ ಕವಿತೆಯ ಹತ್ತಾರು ಮುದ್ರಣಗಳು ಸಾಲಾಗಿ ಬಂದು, ಯಾವುದು ಯಾರ ರಾಗ ಎಂದು ತಿಳಿಯಲು ಒಂದೊಂದನ್ನೂ ಹಾಕಿ ಕೇಳಬೇಕಾಗಿ ಬರುವುದು ದುಡ್ಡು ಕೊಟ್ಟ ಗಿರಾಕಿಗೆ ಮಾಡುವ ಅನ್ಯಾಯ. ಹೋಟೆಲಿನಲ್ಲಿ ಯಾವ ತಿಂಡಿ ಎಂದು ಹೇಳದೆ ತಟ್ಟೆ ಮುಂದಿಟ್ಟು ಬಿಲ್ ತಂದರೆ ನಾವು ಸುಮ್ಮನಿರುತ್ತೇವೆಯೇ?

ಹೆಸರು ಕಳಚಿದರೆ ಹಾಡು ಬೇರೆಯವರ ಪಾಲಾಗುತ್ತದೆ. ಎಚ್.ಎಸ್. ವೆಂಕಟೇಶಮೂರ್ತಿಯವರ ‘ಅಮ್ಮ ನಾನು ದೇವರಾಣೆ ಬೆಣ್ಣೆ ಕದ್ದಿಲ್ಲಮ್ಮ’ ಕೇಳಿ ಇದು ದಾಸರ ಪದ ಎಂದು ಖಚಿತವಾಗಿ ಹೇಳಿದವರನ್ನು ನಾನೇ ನೋಡಿದ್ದೇನೆ. ಎಚ್ಚೆಸ್ವಿ 2025ರ ಮೇ ತಿಂಗಳಲ್ಲಿ ನಮ್ಮನ್ನು ಬಿಟ್ಟುಹೋದರು. ಮೊನ್ನೆ ಮೊನ್ನೆವರೆಗೆ ನಮ್ಮ ನಡುವೆ ಓಡಾಡಿಕೊಂಡಿದ್ದ ಕವಿಯ ಹಾಡು ಇಷ್ಟು ಬೇಗ ಅನಾಮಿಕವಾದರೆ, ಇನ್ನು ಐವತ್ತು ವರ್ಷಕ್ಕೆ ಏನು ಉಳಿದೀತು? ಹೊಸಗನ್ನಡದ ಕವಿಗಳು ಅಂಕಿತ ಇಟ್ಟು ಬರೆದವರಲ್ಲ. ಹಾಡಿನೊಳಗೆ ಅವರ ಗುರುತಿಲ್ಲ, ಹೊರಗೆ ನಾವೇ ಹಾಕಬೇಕು.

ತಂತ್ರಜ್ಞಾನ ಇದಕ್ಕೆ ಅಡ್ಡಿಯಲ್ಲ. ಗೀತರಚನೆಕಾರ, ಸಂಗೀತ ಸಂಯೋಜಕ ಎಂದು ಬೇರೆ ಬೇರೆ ಖಾನೆಗಳು ಈಗಾಗಲೇ ಇವೆ. ಹಾಡನ್ನು ಏರಿಸುವಾಗ ಆಡಿಯೋ ಕಂಪನಿಯವರು ತುಂಬಬೇಕು. ಹಳೆಯ ಕ್ಯಾಸೆಟ್‌ಗಳನ್ನು ಸಾವಿರದ ಲೆಕ್ಕದಲ್ಲಿ ಒಟ್ಟಿಗೆ ಏರಿಸುವ ಅವಸರದಲ್ಲಿ ಕಾರ್ಡ್ ಬಿಡಿಸಿ ನೋಡುವ ತಾಳ್ಮೆ ಯಾರಿಗೂ ಇದ್ದ ಹಾಗಿಲ್ಲ. ತುಂಬಿದ ಕಡೆಯೂ ಇಂಗ್ಲಿಷ್ ಅಕ್ಷರದಲ್ಲಿ ಅಶ್ವತ್ಥ್ ಅವರ ಹೆಸರಿಗೆ ಹಲವು ಕಾಗುಣಿತ, ಒಂದರಲ್ಲಿ ಹುಡುಕಿದರೆ ಇನ್ನೊಂದರ ಹಾಡು ಸಿಗುವುದಿಲ್ಲ. ಕನ್ನಡ ಲಿಪಿಯಲ್ಲೇ ಹೆಸರು ಹಾಕಿ, ಕನ್ನಡ ಲಿಪಿಯಲ್ಲೇ ಹುಡುಕಲು ಬಿಡಿ ಎಂದರೆ ದೊಡ್ಡ ಬೇಡಿಕೆಯೇನಲ್ಲ.

ಹಾಗಾಗಿ ನನ್ನದೊಂದು ಕೋರಿಕೆ. ಇಷ್ಟದ ಹಾಡು ಹಂಚಿಕೊಳ್ಳುವಾಗ ಕವಿ ಯಾರು, ರಾಗ ಯಾರದು ಎಂದು ಒಂದು ಸಾಲು ಬರೆಯಿರಿ. ಆ್ಯಪ್‌ನಲ್ಲಿ ತಪ್ಪು ಕಂಡರೆ ದೂರು ಕೊಡುವ ಜಾಗ ಇರುತ್ತದೆ, ಅಲ್ಲಿ ಬರೆಯಿರಿ. ಒಬ್ಬರು ಬರೆದರೆ ಕೇಳಲಿಕ್ಕಿಲ್ಲ, ಹತ್ತು ಸಾವಿರ ಜನ ಬರೆದರೆ ಕೇಳಿಯಾರು. ಮನೆಯ ಅಟ್ಟದ ಮೇಲೆ ಹಳೆಯ ಭಾವಗೀತೆ ಕ್ಯಾಸೆಟ್‌ಗಳಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಟೇಪ್ ಸುಕ್ಕಾಗಿ ಹಾಳಾಗಿದ್ದರೂ ಪರವಾಗಿಲ್ಲ, ಕಾರ್ಡ್ ಹೊರಗೆ ತೆಗೆದು ಹಗಲು ಬೆಳಕಿನಲ್ಲಿ ಎರಡೂ ಬದಿಯ ಫೋಟೋ ತೆಗೆದು ಇಲ್ಲಿ ಹಾಕಿ. ಮಡಿಕೆಗಳನ್ನು ಪೂರ್ತಿ ಬಿಡಿಸಿಯೇ ತೆಗೆಯಿರಿ. ಕೊಳಲು, ತಬಲ, ಮ್ಯಾಂಡೊಲಿನ್ ನುಡಿಸಿದವರ ಹೆಸರು ಹಾಕಿದ್ದರೆ ಅದು ಇರುವುದು ಒಳಗಿನ ಮಡಿಕೆಯಲ್ಲಿ.