ಪರ–ವಿರೋಧ: ರೆಕ್ಟಿಫೈಯರ್ ವಾಲ್ವ್ ಹೋದ ಗಿಟಾರ್ ಆಂಪ್‌ಗೆ ಡಯೋಡ್ ಹಾಕಿ ನುಡಿಸಬಹುದಾ?

ಪರ: ನಿಂತ ಸೆಟ್ಟಿಗೆ ಯಾವ ಟೋನು?
ಬರೆದವರು: ಬಳ್ಳಾರಿಯ ಗಿಟಾರ್ ವಾದಕ

ಡಿಸೆಂಬರ್ 23, ಸಂಜೆ ಆರು ಗಂಟೆ. ಕೌಲ್ ಬಜಾರಿನ ಒಂದು ಚರ್ಚ್ ಹಾಲಿನಲ್ಲಿ ಕ್ಯಾರಲ್ ಹಾಡುಗಳಿಗೆ ಸೌಂಡ್ ಚೆಕ್ ನಡೆದಿತ್ತು. ನನ್ನ ಹಿಂದೆ 'ಪಟ್' ಅಂತ ಸದ್ದಾಯಿತು. ತಿರುಗುವಷ್ಟರಲ್ಲಿ ಆಂಪಿನ ಒಳಗೆ ನೀಲಿ ಬೆಳಕು ಮಿಂಚಿ ಮಾಯವಾಯಿತು. ಮುಂದಿನ ಕೆಂಪು ಲೈಟೂ ಆರಿತು. ಫ್ಯೂಸ್ ಹೋಗಿತ್ತು. ಇನ್ನೊಂದು ಹಾಕಿದೆವು, ಅದೂ ಹೋಯಿತು. ಎಸಿ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್ ಕಿತ್ತು ಮೂರನೇ ಫ್ಯೂಸ್ ಹಾಕಿದೆವು. ಈ ಸಲ ಫ್ಯೂಸ್ ನಿಂತಿತು. ಲೈಟ್ ಬಂತು. ಉಳಿದ ವಾಲ್ವ್‌ಗಳೆಲ್ಲ ಕೆಂಡದ ಹಾಗೆ ಹೊಳೆದವು. ಸೌಂಡ್ ಮಾತ್ರ ಸೊನ್ನೆ.

"ಅಣ್ಣಾ, ಎಲ್ಲಾ ಉರೀತೈತಿ, ಮತ್ತ ಸೌಂಡ್ ಯಾಕ ಬರ್ತಿಲ್ಲ?" ಕೀಬೋರ್ಡ್ ಹುಡುಗ ಕೇಳಿದ.

ಹಿಟ್ಟಿನ ಗಿರಣಿಯಲ್ಲಿ ಬೆಲ್ಟ್ ಕಳಚಿದರೆ ಏನಾಗುತ್ತದೆ? ಮೋಟರ್ ತಿರುಗುತ್ತದೆ, ಕಲ್ಲು ತಿರುಗುವುದಿಲ್ಲ. ಇದೂ ಹಾಗೇ. ವಾಲ್ವ್ ಉರಿಯಲು ಬೇಕಾದ 6.3 ವೋಲ್ಟ್ ಟ್ರಾನ್ಸ್‌ಫಾರ್ಮರಿನ ಬೇರೆ ಸುತ್ತಿನಿಂದ ಬರುತ್ತದೆ. ನುಡಿಯಲು ಬೇಕಾದ ನಾನೂರು ಚಿಲ್ಲರೆ ವೋಲ್ಟ್ ಡಿಸಿ ಮಾತ್ರ ರೆಕ್ಟಿಫೈಯರ್ ದಾಟಿಯೇ ಬರಬೇಕು.

ನನ್ನದು ಹಳೇ ಫೆಂಡರ್ ಡಿಲಕ್ಸ್ ರಿವರ್ಬ್. ಅಮೆರಿಕದ ಸೆಟ್, ಹಾಗಾಗಿ 230 ವೋಲ್ಟನ್ನು 120ಕ್ಕೆ ಇಳಿಸುವ ಸ್ಟೆಪ್‌ಡೌನ್ ಜೊತೆಗೇ ಹೊರಬೇಕು. ಆಂಪಿಗೆ ಬೇಕಾದ ರೆಕ್ಟಿಫೈಯರ್ ವಾಲ್ವಿನ ಹೆಸರು ಜಿಜೆಡ್34. ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟ್ ಬೇಕಾದರೆ ಲಾರಿಗಟ್ಟಲೆ ಸಿಗುತ್ತದೆ. ಜಿಜೆಡ್34 ಕೇಳಿ ನೋಡಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಿಸಿ, ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಯಾರ ಕೈಯಲ್ಲಾದರೂ ತರಿಸಬೇಕು. ಹಾಡು ಇರುವುದು ನಾಳೆ ಸಂಜೆ.

ಬ್ರೂಸ್‌ಪೇಟೆಯಲ್ಲಿ ಒಬ್ಬ ರೇಡಿಯೋ ತಾತ ಇದ್ದರು. ಓಡಿದೆವು. ಅವರ ಡಬ್ಬಿಯಲ್ಲಿ ಬಿಇಎಲ್ ವಾಲ್ವ್‌ಗಳಿದ್ದವು. ಬಿಇಎಲ್‌ನವರು 1961ರಿಂದ ರೇಡಿಯೋ ವಾಲ್ವ್ ಮಾಡುತ್ತಿದ್ದರಲ್ಲ, ಆ ಕಾಲದ್ದು. ಆದರೆ ಅವೆಲ್ಲ ಒಂಬತ್ತು ಕಾಲಿನ ಸಣ್ಣವು. ನನಗೆ ಬೇಕಾಗಿದ್ದು ಎಂಟು ಕಾಲಿನ ಸಾಕೆಟ್ಟಿಗೆ ಕೂರುವಂಥದ್ದು. ಸತ್ತ ವಾಲ್ವನ್ನು ಕಸದ ಬುಟ್ಟಿಗೆ ಹಾಕಲು ಹೋದೆ. "ಅದನ್ನ ಎಸೀಬೇಡಪ್ಪಾ, ಕಾಲು ಬೇಕು" ಅಂದರು.

ಆ ವಾಲ್ವನ್ನು ಹಳೇ ಬನಿಯನ್ನಿನಲ್ಲಿ ಸುತ್ತಿ ಇಕ್ಕಳದಲ್ಲಿ ಒತ್ತಿದರು. ಗಾಜು ಪುಡಿಯಾಯಿತು. ಬುಡ ಉಳಿಯಿತು. ಕಾಲುಗಳ ಒಳಗಿನ ಬೆಸುಗೆ ಕರಗಿಸಿ, ನಾಲ್ಕು ಮತ್ತು ಆರನೇ ಕಾಲಿನಿಂದ ಎಂಟನೇ ಕಾಲಿಗೆ, ಆ ವಾಲ್ವಿನ ಹಾಗೇ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಣ್ಣ 1ಎನ್4007 ಡಯೋಡ್ ಕೂರಿಸಿದರು. ಒಂದೊಂದು ಕಡೆಗೆ ಒಂದು ಸಾಲದು, ಎರಡೆರಡು ಬೇಕು ಅಂದರು. ಯಾಕೆ ಅಂದರೆ ಲೆಕ್ಕ ಹೇಳಿದರು. ಟ್ರಾನ್ಸ್‌ಫಾರ್ಮರ್ ಎರಡೂ ಕಡೆ 330 ಕೊಡುತ್ತದೆ. ಉಲ್ಟಾ ಬೀಳುವ ವೋಲ್ಟೇಜ್ ತುದಿಯಲ್ಲಿ 933. ಆ ಡಯೋಡ್ ತಾಳುವುದು 1000. ಅಷ್ಟು ಹತ್ತಿರ ನಿಲ್ಲಿಸಬಾರದು. ಒಟ್ಟು ನಾಲ್ಕು ಡಯೋಡ್, ಒಂದೊಂದಕ್ಕೆ ಒಂದು ಚಹಾದ ಬೆಲೆಯೂ ಇಲ್ಲ. ಅರ್ಧ ಗಂಟೆಯ ಕೆಲಸ. ಸೆಟ್ ಹಾಡಿತು. ಮರುದಿನವೂ ಹಾಡಿತು. ಕ್ರಿಸ್‌ಮಸ್ ಬೆಳಗ್ಗೆಯೂ ಹಾಡಿತು.

ಇನ್ನು ವಿರೋಧದವರ ಮಾತು. ಮೊದಲು ಸ್ಯಾಗ್. ಜೋರಾಗಿ ತಂತಿ ಮೀಟಿದಾಗ ರೆಕ್ಟಿಫೈಯರ್ ವಾಲ್ವ್ ವೋಲ್ಟೇಜನ್ನು ಒಂದು ಕ್ಷಣ ಕುಗ್ಗಿಸುತ್ತದೆ, ಸ್ವರ ಮೆತ್ತಗಾಗಿ ಮತ್ತೆ ಅರಳುತ್ತದೆ. ಚೆನ್ನಾಗಿರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಬರುವುದು ಸೆಟ್ಟನ್ನು ತುಂಬ ಜೋರಿಟ್ಟಾಗ. ಚರ್ಚಿನಲ್ಲಿ ವಾಲ್ಯೂಮನ್ನು ಮೂರರ ಮೇಲೆ ತಿರುಗಿಸಿದರೆ ಫಾದರ್ ನೋಡುವ ನೋಟವೇ ಬೇರೆ. ಮೂರರಲ್ಲಿ ಸ್ಯಾಗ್ ಹುಡುಕುವವರು ಎತ್ತಿನ ಗಾಡಿಗೆ ಟೈರ್ ಹಾಕಿದರೆ ಗಡಗಡ ಸದ್ದು ಹೋಯಿತಲ್ಲ ಅಂತ ಅಳುವ ಜನ. ಅದೇ ಫೆಂಡರ್‌ನವರು 1963ರ ಟ್ವಿನ್ ರಿವರ್ಬ್‌ಗೆ ಡಯೋಡ್ ಹಾಕಿ ಕಳಿಸಿದರು. ಮೆಸಾ ಬೂಗಿಯ ಡ್ಯುಯಲ್ ರೆಕ್ಟಿಫೈಯರ್‌ನಲ್ಲಂತೂ ಹಿಂದೆ ಒಂದು ಸ್ವಿಚ್ಚೇ ಇದೆ, ವಾಲ್ವ್ ಬೇಕಾ ಡಯೋಡ್ ಬೇಕಾ ಅಂತ. ಮಾಡಿದವರಿಗೇ ಇಲ್ಲದ ಮಡಿ ನಮಗ್ಯಾಕೆ?

ವೋಲ್ಟೇಜ್ ಏರುತ್ತದೆ ಅಂತಲೂ ಹೆದರಿಸುತ್ತಾರೆ. ಜಿಜೆಡ್34 ತಿನ್ನುವುದೇ ಹದಿನೇಳು ವೋಲ್ಟಿನ ಆಸುಪಾಸು. ಈ ಸೆಟ್ಟಿನ 415 ವೋಲ್ಟ್ ಡಿಸಿಯ ಮುಂದೆ ಅದು ಯಾವ ಲೆಕ್ಕ? ಸ್ಪೀಕರ್ ನುಡಿಸುವ 6ವಿ6 ಪವರ್ ವಾಲ್ವಿಗೆ ಪುಸ್ತಕದಲ್ಲಿ 350ರ ಮಿತಿ ಬರೆದಿದ್ದರೂ 415 ಕೊಟ್ಟವರು ಫೆಂಡರ್‌ನವರೇ. 5ವೈ3 ಎಂಬ ರೆಕ್ಟಿಫೈಯರ್ ವಾಲ್ವ್ ಇರುವ ಸಣ್ಣ ಸೆಟ್ಟಿನವರು ತಮ್ಮ ಲೆಕ್ಕ ತಾವು ನೋಡಿಕೊಳ್ಳಲಿ.

ನಾಲ್ಕು ವರ್ಷವಾಯಿತು. ಜನವರಿಯಲ್ಲೇ ಹೊಸ ಜಿಜೆಡ್34 ಬಂತು, ಸ್ವೆಟರಿನಲ್ಲಿ ಸುತ್ತಿಕೊಂಡು. ಡಬ್ಬಿ ಸಮೇತ ಶೋಕೇಸಿನಲ್ಲಿದೆ. ಪ್ರತಿ ಕ್ರಿಸ್‌ಮಸ್‌ಗೂ ಈ ಸಲ ಹಾಕೋಣ ಅಂದುಕೊಳ್ಳುತ್ತೇನೆ.

ವಿರೋಧ: ಸತ್ತದ್ದು ಯಾಕೆ ಅಂತ ಮೊದಲು ಕೇಳಿ
ಬರೆದವರು: ರಾಯಚೂರಿನ ರಿಪೇರಿ ಕೆಲಸಗಾರ

ನನಗೆ ವಿರೋಧ ಬರೆಯಿರಿ ಅಂದರು. ನನ್ನ ಬ್ಯಾಗಿನಲ್ಲೂ ವಾಲ್ವ್ ಜಾಗಕ್ಕೆ ಕೂರಿಸುವ ಎರಡು ಡಯೋಡ್ ಪ್ಲಗ್ ಇವೆ ಅಂದೆ. ಪರವಾಗಿಲ್ಲ, ಬರೆಯಿರಿ ಅಂದರು.

ವಾಲ್ವ್ ಸುಮ್ನೆ ಸಾಯುವುದುಂಟು, ವಯಸ್ಸಾಗಿ. ಆದರೆ ಎಷ್ಟೋ ಸಲ ಅದರ ಮುಂದಿರುವ, ಡಿಸಿಯ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಕೆಟ್ಟು ಅದನ್ನು ಕೊಂದಿರುತ್ತದೆ. ಕೊಲೆಗಾರನನ್ನು ಮನೆಯಲ್ಲೇ ಇಟ್ಟುಕೊಂಡು ಹೊಸ ಕಾವಲುಗಾರನನ್ನು ಕರೆತಂದರೆ ಏನು ಉಪಯೋಗ? ಇದು ಒಂದು.

ಎರಡನೆಯದು ಚಾಲೂ ಮಾಡುವ ಹೊತ್ತು. ಜಿಜೆಡ್34 ಬಿಸಿಯಾಗಲು ಹತ್ತು–ಹದಿನೈದು ಸೆಕೆಂಡ್ ಬೇಕು. ಅಷ್ಟರಲ್ಲಿ ಪವರ್ ವಾಲ್ವ್‌ಗಳೂ ಬಿಸಿಯಾಗಿ ಕರೆಂಟ್ ಎಳೆಯಲು ಶುರು ಮಾಡಿರುತ್ತವೆ. ಡಯೋಡ್‌ಗೆ ಆ ತಾಳ್ಮೆ ಇಲ್ಲ. ಸ್ವಿಚ್ ಒತ್ತಿದ ಕೂಡಲೇ ಪೂರ್ತಿ ವೋಲ್ಟೇಜ್. ಎಸಿಯ ತುದಿ ಎಷ್ಟು ಅಂತ ತಿಳಿಯಲು ಡಿಲಕ್ಸ್ ರಿವರ್ಬಿನ 330ನ್ನು 1.414ರಿಂದ ಗುಣಿಸಿ, 467 ಆಯಿತು. ಹಳೇ ಕೆಪಾಸಿಟರಿನ ಮೈಮೇಲೆ ತಾಳುವ ಮಿತಿ 450 ಅಂತ ಬರೆದಿರುತ್ತದೆ. ಇನ್ನು ನಮ್ಮ ಕಡೆಯ ಲೈನ್ ನೋಡಿ. ರಾತ್ರಿ ಪಂಪ್‌ಸೆಟ್‌ಗಳು ನಿಂತರೆ 250 ಬರುವುದೂ ಇದೆ. ಆಗ ಸ್ಟೆಪ್‌ಡೌನ್ 120ರ ಬದಲು 130 ಕೊಡುತ್ತದೆ. ಸೆಟ್ ಮಾಡಿದ್ದು 117ಕ್ಕೆ. ಈಗ ಆ 467 ಅನ್ನುವುದು 518 ಆಗುತ್ತದೆ. 5ವೈ3 ಆದರಂತೂ ಅದೊಂದೇ ಅರವತ್ತರ ಹತ್ತಿರ ವೋಲ್ಟ್ ತಿಂದು ಉಳಿದವರನ್ನು ಕಾಯುತ್ತಿರುತ್ತದೆ. ಅದನ್ನು ತೆಗೆದರೆ ಗೊತ್ತಲ್ಲ.

ಹಾಡು ನಿಲ್ಲಬಾರದು ಅನ್ನುವುದು ಡಯೋಡ್ ಪಕ್ಷದವರ ದೊಡ್ಡ ವಾದ. ಮದುವೆ ಮನೆಯ ಡಿಜೆಯವರೂ ಹಾಗೇ ಅನ್ನುತ್ತಾರೆ.

ನನಗೆ ನೆನಪಾಗುವುದು ಸಿಂಧನೂರಿನ ಒಂದು ಆರ್ಕೆಸ್ಟ್ರಾ ಸೆಟ್. ಅದರಲ್ಲಿದ್ದ ರೆಕ್ಟಿಫೈಯರ್ ವಾಲ್ವ್ 5ಯು4. ಅದು ಒಳಗೇ ಶಾರ್ಟ್ ಆಗಿ ಫ್ಯೂಸ್ ಹೋಗುತ್ತಿತ್ತು. ಯಾರೋ ಜಾಣರು ಫ್ಯೂಸಿಗೆ ತಾಮ್ರದ ತಂತಿ ಸುತ್ತಿದರು. ಮೇ ತಿಂಗಳು. ಗಾಡಿಯಿಂದ ಇಳಿಸಿದಾಗಲೇ ವಾರ್ನಿಷ್ ಸುಟ್ಟ ವಾಸನೆ ಅಂಗಡಿಯೆಲ್ಲ ತುಂಬಿತು. ಟ್ರಾನ್ಸ್‌ಫಾರ್ಮರಿನಿಂದ ಕರಿ ಅಂಟು ಸುರಿದು ಗಟ್ಟಿಯಾಗಿತ್ತು, ಬೆಲ್ಲದ ಪಾಕ ಸೀದ ಹಾಗೆ. ಹೊಸದು ಎಲ್ಲಿಂದ ತರೋದು? ನಮ್ಮ ಓಣಿಯಲ್ಲಿ ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡುವವರೊಬ್ಬರಿದ್ದಾರೆ. ಅವರ ಮುಂದಿಟ್ಟೆ. "ಇದೇನ್ರೀ, ಕೂದಲಿನಂಥಾ ತಂತಿ" ಅಂದರು. ಆದರೂ ಬಿಡಲಿಲ್ಲ. ಹಳೇ ಸುತ್ತನ್ನು ಒಂದೊಂದಾಗಿ ಬಿಚ್ಚುತ್ತಾ, ಮಗಳ ಶಾಲೆ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಹತ್ತು ಸುತ್ತಿಗೊಂದು ಗೀಟು ಎಳೆದರು. ಎರಡು ದಿನ ಬರೀ ಎಣಿಕೆ. ಮೂರನೇ ದಿನ ಆ ಹುಡುಗಿ ನೋಟ್‌ಬುಕ್ ಕೇಳಲು ಬಂದಳು, ಕೊಡಲಿಲ್ಲ. ಪದರದ ನಡುವೆ ಹಾಕಲು ಮೋಟರಿಗೆ ಬಳಸುವ ಇನ್ಸುಲೇಷನ್ ಪೇಪರ್ ದಪ್ಪವಾಯಿತು. ಸುತ್ತು ಕೋರ್ ಒಳಗೆ ಕೂರಲೊಲ್ಲದು. ಮತ್ತೆ ಬಿಚ್ಚಿದರು. ಹನ್ನೊಂದನೇ ದಿನ ಸೆಟ್ ಚಾಲೂ ಆಯಿತು. ಸಣ್ಣಗೆ ಗುಂಯ್ ಅನ್ನುತ್ತದೆ, ಇರಲಿ.

ತಾಮ್ರದ ತಂತಿಗೂ ಡಯೋಡ್‌ಗೂ ಏನು ಸಂಬಂಧ ಅಂತ ನೀವು ಕೇಳಬಹುದು. ನೇರ ಸಂಬಂಧ ಇಲ್ಲ. ಆದರೆ ಎರಡನ್ನೂ ಹಾಕುವ ಕೈ ಬಹಳ ಸಲ ಒಂದೇ.

ಇನ್ನೊಂದು ಮಾತು, ಇದರಲ್ಲಿ ಪರ ವಿರೋಧ ಇಲ್ಲ. ಗೋಡೆಯ ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ನಾನೂರು ವೋಲ್ಟ್ ಕೂತಿರಬಹುದು. ಕೈಯಿಂದ ಹಾಕಿ ತೆಗೆಯುವ ವಾಲ್ವ್ ಬೇರೆ, ಚಾಸಿಯ, ಅಂದರೆ ಸೆಟ್ಟಿನ ಲೋಹದ ಚೌಕಟ್ಟಿನ, ಒಳಗೆ ಕೈ ಹಾಕುವುದು ಬೇರೆ. 100 ಕಿಲೋಓಮಿನ 5 ವ್ಯಾಟ್ ರೆಸಿಸ್ಟರನ್ನು ಕೆಪಾಸಿಟರಿಗೂ ಚಾಸಿಗೂ ನಡುವೆ ಹಿಡಿದು ಖಾಲಿ ಮಾಡಿ, ಮೀಟರಿನಲ್ಲಿ ನೋಡಿ, ಆಮೇಲೆ ಮುಟ್ಟಬೇಕು. ನನ್ನ ಸೋದರಮಾವ ವಾಲ್ವ್ ರೇಡಿಯೋ ಬಿಚ್ಚಿ ಸ್ಟೂಲಿನಿಂದ ಹಾರಿ ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಿದ್ದವರು ಎದ್ದು ಮೊದಲು ಕೇಳಿದ್ದು ರೇಡಿಯೋ ಸರಿ ಇದೆಯಾ ಅಂತ.

ಸಿಂಧನೂರಿನ ಆ ಸೆಟ್ ಈಗಲೂ ಓಡುತ್ತಿದೆ. ಅದಕ್ಕೆ 5ಯು4 ಸಿಗಲಿಲ್ಲ. ಏನು ಹಾಕಿ ಕೊಟ್ಟೆ ಅಂತ ಕೇಳಬೇಡಿ. ಜೊತೆಗೆ 200 ಓಮಿನ 20 ವ್ಯಾಟ್ ರೆಸಿಸ್ಟರ್ ಒಂದನ್ನು ಸಾಲಿನಲ್ಲಿ ಸೇರಿಸಿದ್ದೇನೆ, ಫ್ಯೂಸ್ ಮಾತ್ರ ಸರಿಯಾದದ್ದೇ ಹಾಕಿದ್ದೇನೆ.