ಹರಿಹರದ ಲೇತಿಗೆ ಕೊಯಮತ್ತೂರಲ್ಲಿ ಮರ್ಯಾದೆ, ದಾವಣಗೆರೆಲಿ ಗುಜರಿ

ಈ ಸಲ ಯುಗಾದಿಗೆ ಊರಿಗೆ ಹೋದಾಗ ಬಸ್ ಇಳಿದು ಬೆಣ್ಣೆ ದೋಸೆ ತಿಂದು ಅಕ್ಕನ ಮನೆಗೂ ಹೋಗ್ದೆ ಸೀದಾ ವರ್ಕ್‌ಶಾಪಿಗೇ ಹೋದೆ. ಯಾಕಂದ್ರೆ ನಾನು ಕೆಲಸ ಕಲ್ತಿದ್ದು ಅಲ್ಲೇ, ಭಾವನ ಕೈಕೆಳಗೆ, ಹರಿಹರದ ಕಿರ್ಲೋಸ್ಕರ್ ಲೇತ್ ಮೇಲೆ, ಕಬ್ಬಿಣ ತಿರುಗಿಸಿ ಕಡೆಯೋ ಮಷಿನ್ ಅದು. ನೋಡಿದ್ರೆ ಅದಿದ್ದ ಮೂಲೆಲಿ ಚೀನಾದಿಂದ ಬಂದ ಹೊಸ ಲೇತ್ ನಿಂತೈತೆ, ಹಾರ ಕುಂಕುಮ ಎಲ್ಲಾ ಆಗೈತೆ, ಅಳತೆ ತೋರ್ಸೋ ಡಿಜಿಟಲ್ ರೀಡೌಟ್ ಮೇಲಿನ ಪ್ಲಾಸ್ಟಿಕ್ ಹಾಳೆನೂ ಇನ್ನೂ ಕಿತ್ತಿಲ್ಲ. ಹಳೇದೆಲ್ಲೋ ಅಂದೆ. "ಗುಜರಿಗೆ ಹಾಕಿದ್ವಿ ಮಾವ, ಕೆಜಿ ಲೆಕ್ಕದಲ್ಲಿ ತಗೊಂಡೋದ್ರು" ಅಂದ ಅಕ್ಕನ ಮಗ. ಅವನ ಮುಖದಲ್ಲಿ ಬೇಜಾರೂ ಇರ್ಲಿಲ್ಲ, ಅದೇ ನಂಗೆ ಜಾಸ್ತಿ ನೋವಾಗಿದ್ದು.

ನಾನು ಕೊಯಮತ್ತೂರಿಗೆ ಬಂದು 19 ವರ್ಷ ಆಯ್ತು. ಇಲ್ಲಿ ಗಣಪತಿ ಅನ್ನೋ ಏರಿಯಾ ಕಡೆ ಒಂದು ಸಣ್ಣ ವರ್ಕ್‌ಶಾಪಿಗೆ ಮೊದಲ ಸಲ ಹೋದಾಗ ಯಜಮಾನರು ನಮ್ಮೂರು ಯಾವುದು ಅಂತ ಕೇಳಿದ್ರು. ದಾವಣಗೆರೆ ಅಂದ್ರೆ ಗೊತ್ತಾಗ್ಲಿಲ್ಲ, ಹರಿಹರದ ಪಕ್ಕ ಅಂದೆ ನೋಡಿ, ಕೈ ಹಿಡ್ಕೊಂಡು ಒಳಗೆ ಕರ್ಕೊಂಡೋಗಿ ಒಂದು ಲೇತ್ ಮುಂದೆ ನಿಲ್ಸಿದ್ರು, ಬಟ್ಟೆಲಿ ಅದರ ನಾಮಫಲಕ ಒರೆಸಿ ತೋರ್ಸಿದ್ರು, ಹರಿಹರ ಅಂತ ಇತ್ತು. ಅವರಪ್ಪ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದಂತೆ, ಎರಡು ಸಲ ಬೆಡ್ ಗ್ರೈಂಡಿಂಗ್, ಅಂದ್ರೆ ಉಳಿ ಓಡಾಡೋ ಉದ್ದನೆ ಹಳಿ ಉಜ್ಜಿ ಸಮ ಮಾಡೋದು, ಆಗೈತೆ, ಇವತ್ತಿಗೂ ಪಂಪಿನ ಶಾಫ್ಟ್ ಅದರ ಮೇಲೇ ಮಾಡ್ತಾರೆ. 1941ರಲ್ಲಿ ಈ ಲೇತ್ ಮಾಡೋ ಮೈಸೂರು ಕಿರ್ಲೋಸ್ಕರ್ ಕಂಪನಿ ಶುರುವಾಗಿದ್ದು ನಮ್ಮ ಮನೆಯಿಂದ 14 ಕಿಲೋಮೀಟರ್ ದೂರದ ಹರಿಹರದಲ್ಲಿ, ಇಂಥದೇ ಮಷಿನ್ ಮಾಡೋ ಬೆಂಗಳೂರಿನ ಎಚ್‌ಎಂಟಿ ಬಂದಿದ್ದೇ ಅದಾಗಿ 12 ವರ್ಷಕ್ಕೆ, 1953ರಲ್ಲಿ. ಆ ಮಷಿನ್ನಿನ ಬೆಲೆ ನಂಗೆ ಒಬ್ಬ ತಮಿಳಿನವರು ತಿಳಿಸ್ಬೇಕಾಯ್ತು.

ಇಲ್ಲಿನೋರು ಹಳೇ ಮಷಿನ್ ನೋಡೋ ರೀತಿನೇ ಬೇರೆ. ಹೊಸದಾಗಿ ಬಣ್ಣ ಹೊಡೆದಿದ್ರೆ ಮೊದಲು ಅನುಮಾನ ಪಡ್ತಾರೆ. ಗೇರ್‌ಬಾಕ್ಸಿಗೆ ದಪ್ಪ ಎಣ್ಣೆ ಹಾಕಿ ಸದ್ದು ಅಡಗಿಸಿದಾರಾ ಅಂತ ಒಂದೊಂದೇ ಗೇರ್ ಹಾಕಿ ಕಿವಿ ಕೊಟ್ಟು ಕೇಳ್ತಾರೆ. ಉಳಿ ಹೊತ್ತು ಬೆಡ್ ಮೇಲೆ ಓಡಾಡೋ ಕ್ಯಾರೇಜನ್ನ ಜಾಬ್ ಹಿಡಿಯೋ ಚಕ್ ಹತ್ರ ತಂದು, ಅದರ ಸಡಿಲ ತೆಗೆಯೋ ಗಿಬ್ ಪಟ್ಟಿ ಬಿಗಿ ಮಾಡಿ ಆಮೇಲೆ ಆಚೆ ತುದಿಯ ಟೈಲ್‌ಸ್ಟಾಕ್ ಕಡೆಗೆ ತಿರುಗಿಸ್ತಾ ಹೋಗ್ತಾರೆ. ದಿನಾ ಕೆಲಸ ಆಗೋದು ಚಕ್ ಹತ್ರಾನೇ, ಬೆಡ್ ಸವೆಯೋದೂ ಅಲ್ಲೇ, ಹಂಗಾಗಿ ಸವೆದಿದ್ರೆ ಆಚೆ ಕಡೆ ಹೋದಂಗೆ ಬಿಗಿಯಾಗಿ ನಿಂತ್ಬಿಡುತ್ತೆ. ಕೊನೆಗೆ ಒಂದು ರಾಡ್ ಟರ್ನ್ ಮಾಡಿ ಎರಡೂ ತುದಿ ಮೈಕ್ರೋಮೀಟರಲ್ಲಿ ಅಳೆದು, ವ್ಯತ್ಯಾಸ ಎಷ್ಟೈತೋ ಅದರ ಮೇಲೆ ಚೌಕಾಸಿ, ಗ್ರೈಂಡಿಂಗ್ ಖರ್ಚು ಕಳೆದು. ನಮ್ಮೂರಲ್ಲಿ ಕೇಳೋದು ಒಂದೇ, ಹೊಸದಾ ಹಳೇದಾ? ಮನೆಗೆ ಹೆಣ್ಣು ಕೇಳೋಕೆ ಬಂದೋರು ವರ್ಕ್‌ಶಾಪ್ ನೋಡ್ತಾರೆ ಅಂತ ಹೊಸ ಮಷಿನ್ ತಗೊಂಡೋರು ನಂಗೊತ್ತು.

ಆಮೇಲೇನಾಯ್ತು ಅಂದ್ರೆ, ಮೆಕ್ಕೆಜೋಳದ ಸುಗ್ಗಿ ಟೈಮಲ್ಲಿ, ಒಕ್ಕೋ ಮಷಿನ್ನಿನ ಶಾಫ್ಟು, ಟ್ರ್ಯಾಕ್ಟರ್ ಟ್ರೇಲರಿನ ಆಕ್ಸಲ್ಲು ಅಂತ ಜನ ಬಾಗಿಲಲ್ಲಿ ನಿಂತಿರೋವಾಗ, ವೋಲ್ಟೇಜ್ ಏರಿಳಿತಕ್ಕೆ ಹೊಸ ಲೇತಿನ ಮೋಟಾರ್ ನಡೆಸೋ ಡ್ರೈವ್ ಬೋರ್ಡ್ ಸುಟ್ಟೋಯ್ತು. ಬದಲಿ ಬೋರ್ಡ್ ಬರೋಕೆ ಏಳು ವಾರ. ಹಳೇದ್ರಲ್ಲಿ ಇದ್ದಿದ್ದು ಸಾದಾ ತ್ರೀ ಫೇಸ್ ಮೋಟಾರು, ಸುಟ್ರೆ ಅದೇ ಬೀದಿಯ ವೈಂಡಿಂಗ್ ಅಂಗಡಿಯವ್ನು ಎರಡು ದಿನದಲ್ಲಿ ಸುತ್ತಿ ಕೊಡ್ತಿದ್ದ. ಇನ್ನೊಂದು ತೂಕ. ಹಳೇದು ಎರಡು ಟನ್ ಹತ್ರ ಇತ್ತು, ದಪ್ಪ ಆಕ್ಸಲ್ ಮೇಲೆ ಆಳವಾಗಿ ಕಟ್ ಕೊಟ್ರೂ ಅಲುಗ್ತಿರ್ಲಿಲ್ಲ, ಹೊಸದು ಅದರರ್ಧನೂ ಇಲ್ಲ, ಪಾರ್ಟಿಂಗ್, ಅಂದ್ರೆ ಜಾಬ್ ಕತ್ತರಿಸಿ ಬೇರೆ ಮಾಡೋಕೆ ಹೋದ್ರೆ ನಡುಗಿ ಜಾಬ್ ಮೇಲೆಲ್ಲಾ ಗೆರೆ ಬೀಳುತ್ತೆ. ಅದೇ ದುಡ್ಡಲ್ಲಿ ಒಳ್ಳೆ ಹಳೇ ಎಚ್‌ಎಂಟಿ ತಗೊಂಡು ಬೆಡ್ ಗ್ರೈಂಡಿಂಗ್ ಮಾಡ್ಸಿದ್ರೂ ಕೈಲಿ ಉಳೀತಿತ್ತು.

ಇಷ್ಟು ಹೇಳಿದ್ಮೇಲೆ ಅಕ್ಕನ ಮಗನ ಕಡೆ ಮಾತೂ ಹೇಳ್ಬೇಕು. ಸಾಲಕ್ಕೆ ಬ್ಯಾಂಕಿನವ್ರು ಕೊಟೇಶನ್ ಕೇಳಿದ್ರಂತೆ, ಹಳೇ ಮಷಿನ್ನಿಗೆ ಕೊಟೇಶನ್ ಯಾರು ಕೊಡ್ತಾರೆ? ಕೈಸಾಲಕ್ಕೆ ಬಡ್ಡಿ ಕಟ್ಟಿ ಅವನಿಗೆ ಸಾಕಾಗಿತ್ತು. ನಂಗೆ ಇಲ್ಲಿ ಬೆಡ್ ಗ್ರೈಂಡಿಂಗ್ ಮಾಡೋರು, ನೀಲಿ ಹಚ್ಚಿ ಉಬ್ಬು ಕಂಡುಹಿಡಿದು ಕೈಯಲ್ಲೇ ಕೆರೆದು ಸಮ ಮಾಡೋ ಹಿರಿಯರು ಕೂಗಿದ್ರೆ ಬರೋ ದೂರದಲ್ಲಿದಾರೆ, ಅವನು ಲಾರಿ ಮಾಡಿ ಬೆಡ್ ಕಳಿಸಿ ವಾಪಸ್ ಬರೋವರೆಗೂ ಬಾಗಿಲು ಹಾಕ್ಬೇಕು. ಐಟಿಐ ಮುಗ್ಸಿ ಬಂದಿರೋ ಹುಡುಗ ರೀಡೌಟ್ ನೋಡ್ಕೊಂಡು ಮಾಡೋದ್ರಿಂದ ಅಳತೆ ತಪ್ಪೋದು ಕಮ್ಮಿ ಆಗೈತೆ, ಕಾಲಲ್ಲಿ ಬ್ರೇಕ್ ಒತ್ತಿದ್ರೆ ತಕ್ಷಣ ನಿಲ್ಲುತ್ತೆ. ಹಳೇ ಲೇತಲ್ಲಿ ಭಾವನ ಎರಡು ಬೆರಳು ಹೋಗಿದ್ದು ಅಕ್ಕ ಮರೆತಿಲ್ಲ, ಹೊಸದೇ ತಗೋ ಅಂತ ಹಠ ಮಾಡಿದ್ದೂ ಅವಳೇ ಅಂತ ನಂಗೆ ಆಮೇಲೆ ಗೊತ್ತಾಗಿದ್ದು. ಹಳೇ ಲೇತಿನ ಬೆಡ್ ಚಕ್ ಹತ್ರ ಸವೆದು ಟೇಪರ್ ಬರ್ತೈತೆ, ಜಾಬ್ ಒಂದು ತುದಿ ದಪ್ಪ ಒಂದು ತುದಿ ಸಣ್ಣ ಆಗ್ತೈತೆ ಅಂತ ಅವನು ಮೂರು ವರ್ಷದ ಹಿಂದೇನೇ ಫೋನ್ ಮಾಡಿದ್ದ, ನೋಡಾಣ ಅಂದಿದ್ದೆ, ನೋಡ್ಲಿಲ್ಲ.

ಮೊನ್ನೆ ಮತ್ತೆ ಫೋನ್ ಮಾಡಿದ್ದ. ದಪ್ಪ ಕೆಲಸಕ್ಕೆ ಅಂತ ಇನ್ನೊಂದು ಬೇಕಂತೆ, ಹುಬ್ಬಳ್ಳಿ ಗೋಕುಲ ರೋಡಲ್ಲಿ ಎಚ್‌ಎಂಟಿ ಎನ್‌ಎಚ್ 22 ಅನ್ನೋ ಹಳೇ ಲೇತ್ ಒಂದು ಮಾರಾಟಕ್ಕೈತಂತೆ. ಅಡ್ವಾನ್ಸ್ ಕೊಡ್ಬೇಡ, ನಾನು ಶನಿವಾರ ರಾತ್ರಿ ಬಸ್ಸಿಗೆ ಹೊರಡ್ತೀನಿ ಅಂದೆ. ಡಯಲ್ ಗೇಜು, ಮೈಕ್ರೋಮೀಟರು, 300 ಮಿಲಿಮೀಟರಿನ ಒಂದು ರಾಡು ಬ್ಯಾಗಿಗೆ ಹಾಕಿಟ್ಟಿದೀನಿ.